ಗಿಣ್ಣಿನ ಹಳದಿ

ಕೋಡಿಪಾಳ್ಯ, ಮಾಕಳಿದುರ್ಗದ ಹತ್ತಿರ
ದೊಡ್ಡಬಳ್ಳಾಪುರ ತಾಲ್ಲೂಕು
25 ಆಗಸ್ಟ್ 2025

ರಾಮಲಿಂಗಯ್ಯನವರಿಗೆ ಪ್ರಮೋದಾಳ ನಮಸ್ಕಾರ.

ಇಲ್ಲಿ ಮನುಷ್ಯರೆಲ್ಲ ಚೆನ್ನಾಗಿದ್ದೇವೆ, ಹಸು ಚೆನ್ನಾಗಿಲ್ಲ. ಅದಕ್ಕೇ ಈ ಪತ್ರ.

ನಾನು ಯಾರೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಮುನೇಶ್ವರನ ಕಲ್ಲಿನ ಎದುರು ಮನೆ, ಮುನಿತಾಯಮ್ಮನವರ ಸೊಸೆ. ನನ್ನ ಗಂಡ ಕಾಂತರಾಜು ಸೋಂಪುರದ ಫ್ಯಾಕ್ಟರಿಯಲ್ಲಿದ್ದಾರೆ, ಹಸುವಿನ ಕೆಲಸ ಎಲ್ಲ ನನ್ನದೇ. ಹಸುವಿನ ಡಾಕ್ಟರ್ ಕವಿತ ಮೇಡಂ ನಿಮ್ಮ ವಿಳಾಸ ಕೊಟ್ಟರು. "ಹದಿನೆಂಟು ವರ್ಷ ಆ ಕಡೆ ಪಶು ಇನ್‌ಸ್ಪೆಕ್ಟರ್ ಆಗಿದ್ರು, ನಿಮ್ಮೂರ ದನಗಳ ಜಾತಕ ಅವ್ರ ತಲೇಲಿದೆ. ಈಗ ಮಗಳ ಜೊತೆ ಕಲಬುರಗಿಯಲ್ಲಿದ್ದಾರೆ. ಕಿವಿ ಪೂರ್ತಿ ಹೋಗಿದೆ, ಫೋನ್ ಮಾಡ್ಬೇಡಿ, ಕಾಗದ ಬರೀರಿ" ಎಂದರು. ಕೊನೆಯ ಸಲ ಪತ್ರ ಬರೆದಿದ್ದು ಏಳನೇ ಕ್ಲಾಸಿನ ಪರೀಕ್ಷೆಯಲ್ಲಿ, ರಜೆ ಕೋರಿ. ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮ ಮಲ್ಲಿ ಆಗಸ್ಟ್ ಮೂರಕ್ಕೆ ಮೂರನೇ ಕರು ಹಾಕಿದಳು. ಹೆಣ್ಣು ಕರು, ಚುರುಕಾಗಿದೆ. ಹಾಲೂ ಒಂದೇ ಸಮನೆ ಏರುತ್ತಿದೆ, ಈಗ ದಿನಕ್ಕೆ ಹದಿನೆಂಟು ಲೀಟರ್. ಆದರೆ ಹತ್ತು ದಿನದಿಂದ ಹೊತ್ತು ಇಳಿದ ಮೇಲೆ ಅವಳಿಗೆ ಏನೋ ಆಗುತ್ತಿದೆ. ನೀರು ಕುಡಿಯುವ ಬಾನಿ ಎದುರಿಗಿದ್ದರೂ ಹೋಗಿ ಮಂಡಿ ಬಡಿದುಕೊಳ್ಳುತ್ತಾಳೆ. ಕರು ಎಡಕ್ಕಿದ್ದರೆ ಬಲಕ್ಕೆ ಮೂತಿ ಚಾಚಿ ಕೂಗುತ್ತಾಳೆ. ಬೆಳಿಗ್ಗೆ ನೋಡಿದರೆ ಏನೂ ಇಲ್ಲ, ಕಾಗೆ ಕೂತರೂ ಕಣ್ಣು ಹೊರಳಿಸುತ್ತಾಳೆ.

ಅತ್ತೆ ಇದನ್ನು ಅಂಗಳದಿಂದಲೇ ನೋಡಿ ಮುಖ ಬಿಳುಚಿಕೊಂಡರು. "ದೀಪಾವಳಿ ಪಾಡ್ಯಕ್ಕೆ ದನಗಳಿಗೆ ಪೂಜೆ ಮಾಡ್ಬೇಕು. ಅಷ್ಟರೊಳಗೆ ಅದು ಈ ಮನೆ ಬಿಟ್ಟು ಹೋಗ್ಬೇಕು" ಎಂದಿದ್ದಾರೆ. ಕಾಂತರಾಜು ತಾಯಿಯ ಮಾತು ಮೀರುವವರಲ್ಲ. ಮಲ್ಲಿಯನ್ನು ಕರುವಾಗಿದ್ದಾಗಿನಿಂದ ಸಾಕಿದವಳು ನಾನು. ಸಂಜೆ ಕುರುಡಾಗುವ ಹಸುವನ್ನು ಯಾರು ಯಾತಕ್ಕೆ ಕೊಳ್ಳುತ್ತಾರೆ ಎಂಬುದು ನನಗೂ ಗೊತ್ತು, ನಿಮಗೂ ಗೊತ್ತು. ಪಾಡ್ಯದೊಳಗೆ ಅವಳ ಕಣ್ಣು ಬರುತ್ತದೆಯೇ?

ಇತಿ,
ಪ್ರಮೋದಾ


ಕಲಬುರಗಿ
2 ಸೆಪ್ಟೆಂಬರ್ 2025

ಚಿ. ಸೌ. ಪ್ರಮೋದಾಳಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ನನ್ನ ಮಗಳು ಶಶಿರೇಖಾ, "ಅಪ್ಪ, ಯಾರದ್ದೋ ಮದುವೆ ಕಾಗದವೇ?" ಎಂದು ಕೈಸನ್ನೆ ಮಾಡಿ ಕೇಳಿದಳು. ಅದಕ್ಕಿಂತ ದೊಡ್ಡದು ಎಂದೆ.

ಮೊದಲು ಇದಕ್ಕೆ ಉತ್ತರ ಬರೆ. ಹಸುವಿಗೆ ಏನು ಹಾಕುತ್ತಿದ್ದೀಯ? ಹಸಿರು ಮೇವು ಕೊಟ್ಟು ಎಷ್ಟು ದಿನವಾಯಿತು? ಕರು ಹಾಕಿದ ದಿನ ಗಿಣ್ಣು ಯಾವ ಬಣ್ಣವಿತ್ತು? ನಗಬೇಡ, ಬಣ್ಣ ಬೇಕು ನನಗೆ.

ನಾನು ಊಹಿಸಿರುವುದು ನಿಜವಾದರೆ ಇದು ಎ ವಿಟಮಿನ್ನಿನ ಕೊರತೆ. ನಡುರಾತ್ರಿಯ ಭೂತವಲ್ಲ, ಯಾರ ಕಣ್ಣೂ ಬಿದ್ದದ್ದಲ್ಲ. ಎಳೆಗರು ಇರುವ ಹಸು ಒಂದು ವಿಚಿತ್ರ ಜೀವ ಕಣಮ್ಮ. ಆಗ ಅದಕ್ಕೆ ಹಸಿವು ಕಡಿಮೆ, ಹಾಲು ಮಾತ್ರ ದಿನದಿನಕ್ಕೂ ಹೆಚ್ಚು. ತಿನ್ನುವುದಕ್ಕಿಂತ ಕೊಡುವುದೇ ಜಾಸ್ತಿ. ಎಲ್ಲಿಂದ ತರುತ್ತದೆ? ಮೈಯಿಂದ, ಮೂಳೆಯಿಂದ, ಯಕೃತ್ತಿನಲ್ಲಿ ಕೂಡಿಟ್ಟದ್ದರಿಂದ. ಮೂವತ್ತು ವರ್ಷ ದನ ನೋಡಿದ್ದೇನೆ. ಬಾಣಂತಿ ಹಸುವಿನ ಮುಂದೆ ನಿಂತಾಗ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ.

ಕವಿತ ಡಾಕ್ಟರಿಗೆ ತೋರಿಸಿ ಎ ವಿಟಮಿನ್ ಇಂಜೆಕ್ಷನ್ ಹಾಕಿಸು. ಅವರು ಹೇಳುವ ವಿಟಮಿನ್ ಪುಡಿಯನ್ನು ಅವರು ಹೇಳಿದಷ್ಟೇ, ದಿನಾ ತಿಂಡಿಯಲ್ಲಿ ಕೊಡು. ಜೊತೆಗೆ ನುಗ್ಗೆ ಸೊಪ್ಪು ಹಾಕು. ಹಿತ್ತಲ ಗಿಡ ಮದ್ದಲ್ಲ ಎಂದು ಮೂಗು ಮುರಿಯಬೇಡ, ಇದು ಮದ್ದೇ.

ರಾಮಲಿಂಗಯ್ಯ


ಕೋಡಿಪಾಳ್ಯ
10 ಸೆಪ್ಟೆಂಬರ್ 2025

ರಾಮಲಿಂಗಯ್ಯನವರಿಗೆ ನಮಸ್ಕಾರ.

ಕೇಳಿದ್ದಕ್ಕೆ ಉತ್ತರ: ಹಾಕುವುದು ರಾಗಿಹುಲ್ಲು, ಬೂಸಾ, ಕಡಲೆಕಾಯಿ ಹಿಂಡಿ. ಬಾಣಂತಿಯಲ್ಲವೇ, ಬೇಯಿಸಿದ ಹುರುಳಿಯೂ ಉಂಟು. ಸೀಮೆಹುಲ್ಲು ಬೆಳೆಯುತ್ತಿದ್ದ ತುಂಡು ಹೊಲದ ಮೇಲೆ ಹೊಸ ರಸ್ತೆ ಹೋಯಿತು. ಹಸಿರು ಕಂಡು ಹದಿನಾಲ್ಕು ತಿಂಗಳಾಯಿತು. ಭಾನುವಾರ ಬೆಟ್ಟ ಹತ್ತಲು ಬರುವ ಬೆಂಗಳೂರಿನ ಹುಡುಗರು ಬಿಟ್ಟು ಹೋಗುವ ಪ್ಲಾಸ್ಟಿಕ್ ಬಿಟ್ಟರೆ ನಮ್ಮ ಕಡೆ ದಾರಿಬದಿಯಲ್ಲಿ ಹಸಿರಾಗಿ ಕಾಣುವುದು ಏನೂ ಇಲ್ಲ.

ಗಿಣ್ಣು ಹಳದಿಯೇ ಇತ್ತು. ಹಿಂದಿನ ಸಲದಷ್ಟು ದಟ್ಟವಲ್ಲ, ಬಾಡಿದ ಚೆಂಡುಹೂವಿನ ಬಣ್ಣ.

ಕವಿತ ಮೇಡಂ ಬಂದು ನೋಡಿದರು, ನೀವು ಹೇಳಿದ್ದನ್ನೇ ಹೇಳಿದರು. ಆದರೆ ಇಂಜೆಕ್ಷನ್ ತೆಗೆದ ತಕ್ಷಣ ಅತ್ತೆ ಅಡ್ಡ ನಿಂತರು. "ಹಸಿ ಬಾಣಂತಿಗೆ ಸೂಜಿ ಚುಚ್ಚುಸ್ತೀರೇನ್ರಮ್ಮಾ? ನಾನು ಬದುಕಿರೋವರ್ಗೂ ಬೇಡ." ಮೇಡಂ ನಕ್ಕು, ಪುಡಿ ತಪ್ಪದೆ ಕೊಟ್ಟರೆ ಅದರಲ್ಲೇ ಸರಿಹೋಗುತ್ತದೆ ಎಂದು ಡಬ್ಬಿ ಕೊಟ್ಟು ಹೋದರು.

ಈಗ ನನ್ನ ಪ್ರಶ್ನೆ. ಅತ್ತೆ ಕೊಟ್ಟಿಗೆಯೊಳಗೆ ಕಾಲಿಡುವುದಿಲ್ಲ. ನಾನು ಮದುವೆಯಾಗಿ ಬಂದ ಆರು ವರ್ಷದಲ್ಲಿ ಒಮ್ಮೆಯೂ ಇಟ್ಟಿಲ್ಲ. ಗಿಣ್ಣನ್ನೂ ಮುಟ್ಟುವುದಿಲ್ಲ. ಮಡಿಯೇನೋ ಎಂದುಕೊಂಡಿದ್ದೆ. ಮೊನ್ನೆ ಎದುರುಮನೆ ಲಕ್ಕಮ್ಮಜ್ಜಿ ಹೇಳಿದರು. ಕಾಂತರಾಜು ಹೊಟ್ಟೆಯಲ್ಲಿದ್ದಾಗ ಅತ್ತೆಗೆ ಬಯಕೆ ತಡೆಯಲಾಗದೆ, ಮುನೇಶ್ವರನಿಗೆ ಇಡುವ ಮೊದಲೇ ಒಂದು ಹಿಡಿ ಗಿಣ್ಣು ತಿಂದುಬಿಟ್ಟರಂತೆ. ಮರುವರ್ಷ ಅದೇ ಹಸುವಿಗೆ ಹುಟ್ಟಿದ ಕರುವಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲವಂತೆ. ಅಂದಿನಿಂದ ಹೀಗೆ. ಅದನ್ನು ನೋಡಲು ನೀವೇ ಬಂದಿದ್ದಿರಂತೆ. ಆಗ ನೀವು ಅತ್ತೆಗೆ ಏನು ಹೇಳಿದಿರಿ?

ಪ್ರಮೋದಾ


ಕಲಬುರಗಿ
24 ಸೆಪ್ಟೆಂಬರ್ 2025

ಪ್ರಮೋದಾಳಿಗೆ ಆಶೀರ್ವಾದಗಳು.

ತಡವಾಯಿತು. ಇಲ್ಲಿ ಮಳೆ, ಅಂಚೆಯವನು ಬರಲಿಲ್ಲ.

ಗಿಣ್ಣಿನ ಬಣ್ಣ ಯಾಕೆ ಕೇಳಿದೆ ಎಂದು ಹೇಳುತ್ತೇನೆ, ಕೇಳು. ಹಸಿರು ಮೇವಿನೊಳಗೆ ಒಂದು ಹಳದಿ ಅಡಗಿರುತ್ತದೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ, ಹಸುವಿನ ಹೊಟ್ಟೆಗೆ ಕಾಣುತ್ತದೆ. ಅದನ್ನು ಹೆಕ್ಕಿ ತೆಗೆದು ಎ ವಿಟಮಿನ್ ಮಾಡಿಕೊಂಡು ಯಕೃತ್ತಿನಲ್ಲಿ ಕೂಡಿಡುತ್ತದೆ. ಬಸುರಿಯಾದಾಗ ಕರುವಿಗೆ ಒಳಗಿನಿಂದ ದಾಟಿಸುವುದು ತೀರ ಸ್ವಲ್ಪ. ಕರು ಭೂಮಿಗೆ ಬೀಳುವಾಗ ಅದರ ಮೈಯಲ್ಲಿ ಈ ಅಂಶ ಹೆಚ್ಚುಕಡಿಮೆ ಇಲ್ಲವೆನ್ನುವಷ್ಟು. ಹಾಗಾದರೆ ತಾಯಿ ಯಾಕೆ ಬಚ್ಚಿಟ್ಟುಕೊಂಡಿದ್ದಳು? ಗಿಣ್ಣಿಗಾಗಿ. ಕೂಡಿಟ್ಟದ್ದನ್ನೆಲ್ಲ ಮೊದಲ ಹಾಲಿಗೆ ಸುರಿಯುತ್ತಾಳೆ. ಆ ಹಳದಿ ಅದೇ. ಆ ಎರಡು ಮೂರು ದಿನದಲ್ಲಿ ಅವಳ ರಕ್ತದಲ್ಲಿದ್ದದ್ದು ಅರ್ಧಕ್ಕೆ ಇಳಿಯುತ್ತದೆ. ತೋಡಿಕೊಡುವಾಗ ನನಗೆಷ್ಟು ಉಳಿಯಿತು ಎಂದು ನೋಡಿಕೊಳ್ಳುವುದಿಲ್ಲ.

ಹದಿನಾಲ್ಕು ತಿಂಗಳು ಒಣಹುಲ್ಲು ತಿಂದ ಮಲ್ಲಿಯ ಹತ್ತಿರ ಇದ್ದದ್ದೇ ತಳಮಟ್ಟ. ಅದನ್ನೂ ಗಿಣ್ಣಿಗೆ ಹಾಕಿದ್ದಾಳೆ. ಕರು ಚುರುಕಾಗಿದೆ ಎಂದೆಯಲ್ಲ, ಅದರ ಕಣ್ಣಿನಲ್ಲಿ ಹೊಳೆಯುತ್ತಿರುವುದು ತಾಯಿಯದು. ಇದನ್ನು ನಾನು ಹೆಬ್ಬಾಳದ ತರಬೇತಿಯಲ್ಲಿ ಮೊದಲ ಸಲ ಕೇಳಿದ ದಿನ ಮಧ್ಯಾಹ್ನದ ಊಟ ಬಿಟ್ಟು ಹೊರಗೆ ಮರದ ಕೆಳಗೆ ಕೂತಿದ್ದೆ.

ಎಂಥ ಏರ್ಪಾಟು ಇದು! ಯಾರು ಕಲಿಸಿದರು ಇವಕ್ಕೆ?

ಪುಡಿ ತಪ್ಪಿಸಬೇಡ. ಎರಡು ವಾರದಲ್ಲಿ ಗುಣ ಕಾಣಬೇಕು. ಇನ್ನೇನೂ ವಿಶೇಷವಿಲ್ಲ.

ರಾಮಲಿಂಗಯ್ಯ


ಕೋಡಿಪಾಳ್ಯ
3 ಅಕ್ಟೋಬರ್ 2025

ರಾಮಲಿಂಗಯ್ಯನವರಿಗೆ,

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ಪತ್ರ ಓದಿ ಕೊಟ್ಟಿಗೆಗೆ ಹೋಗಿ ಮಲ್ಲಿಯ ಕತ್ತು ತಬ್ಬಿಕೊಂಡು ಅತ್ತುಬಿಟ್ಟೆ. ಕರುವಿನ ಕಣ್ಣನ್ನು ಎಷ್ಟು ಹೊತ್ತು ನೋಡಿದೆನೋ, ಹಾಲಿನ ಡೈರಿಯವರು ಬಾಗಿಲು ಹಾಕಿಕೊಂಡು ಹೋಗಿದ್ದರು. ಎಲ್ಲ ಸರಿ. ಆದರೆ ಪುಡಿ ಶುರುಮಾಡಿ ಇಪ್ಪತ್ತನಾಲ್ಕು ದಿನವಾಯಿತು. ಒಂದು ಹೊತ್ತು ತಪ್ಪಿಸಿಲ್ಲ. ಸಗಣಿ, ಸೊಳ್ಳೆ, ಹೊಗೆ ಯಾವುದೂ ತಾಗದ ಹಾಗೆ ಡಬ್ಬಿಯನ್ನು ಕಿಟಕಿಯ ಮೇಲೆ ಬಿಸಿಲು ಬೀಳುವ ಕಡೆ ಬೆಚ್ಚಗೆ ಇಟ್ಟಿದ್ದೇವೆ. ದಿನಾ ಕುದಿಯುವ ಹುರುಳಿಗೆ ಪುಡಿ ಹಾಕಿ, ಚೆನ್ನಾಗಿ ಹಿಡಿಯಲಿ ಎಂದು ಅರ್ಧ ಗಂಟೆ ಬೇಯಿಸಿ, ಬಾಣಂತಿಗೆ ಕೊಡುವ ಹಾಗೆ ಹೊಗೆಯಾಡುವಾಗಲೇ ಕೊಡುತ್ತೇವೆ. ಏನೂ ಗುಣವಿಲ್ಲ. ನಿನ್ನೆ ಸಂಜೆ ಕರುವಿನ ಕಾಲನ್ನೇ ತುಳಿದಳು. ಕರು ಕುಂಟುತ್ತಿದೆ.

ನೀವು ಹೇಳಿದ ನುಗ್ಗೆ ಸೊಪ್ಪು ಹಾಕಿಲ್ಲ. ಅದು ಉಷ್ಣವೋ ವಾಯುವೋ ಎಂದು ಊರಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ದಲ್ಲಾಳಿ ಬಂದು ನೋಡಿಕೊಂಡು ಹೋದ. ಪಾಡ್ಯಕ್ಕೆ ಇನ್ನು ಹತ್ತೊಂಬತ್ತು ದಿನ. ಪುಡಿಯೇ ಸುಳ್ಳೋ, ನಿಮ್ಮ ಹಳದಿಯ ಕಥೆಯೇ ಸುಳ್ಳೋ?

ಹಳೆಯ ಕರುವಿನ ವಿಷಯ ಕೇಳಿದ್ದೆ, ನೀವು ಉತ್ತರಿಸಲಿಲ್ಲ. ನೆನಪಿರಲಿಕ್ಕಿಲ್ಲ, ಬಿಡಿ. ಸಾವಿರ ಕರು ನೋಡಿದವರಿಗೆ ಒಂದು ಕುರುಡು ಕರು ಯಾವ ಲೆಕ್ಕ.

ಪ್ರಮೋದಾ


ಸ್ಪೀಡ್ ಪೋಸ್ಟ್
ಕಲಬುರಗಿ
7 ಅಕ್ಟೋಬರ್ 2025

ಪ್ರಮೋದಾ,

ಬೇಯಿಸಬೇಡ! ಬೇಯಿಸಬೇಡ! ಬೇಯಿಸಬೇಡ!

ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲಮ್ಮ. ಆ ಪುಡಿಗೆ ಬೆಂಕಿ ಆಗದು, ಬಿಸಿಲೂ ಆಗದು. ಅರ್ಧ ಗಂಟೆ ಕುದಿಸಿದರೆ ಅದರಲ್ಲಿ ಉಳಿಯುವುದು ಬರೀ ಹೆಸರು. ಆ ಡಬ್ಬಿ ಎಸೆ. ಕವಿತ ಡಾಕ್ಟರಲ್ಲಿ ಹೊಸದು ತಗೊಂಡು ಕತ್ತಲೆ ಮೂಲೆಯಲ್ಲಿ, ತಣ್ಣಗಿರುವ ಕಡೆ ಇಡು. ಹುರುಳಿ ಬೇಯಲಿ, ಆರಲಿ. ಬೆರಳಿಟ್ಟರೆ ಸುಡಬಾರದು. ಆಮೇಲೆ ಪುಡಿ ಬೆರೆಸು. ಇವತ್ತೇ ನುಗ್ಗೆ ಸೊಪ್ಪು ಹಾಕು, ಊರಿನ ತೀರ್ಮಾನಕ್ಕೆ ಕಾಯಬೇಡ.

ನಿನ್ನದೇನೂ ತಪ್ಪಿಲ್ಲ. ಹಸು ಬಾಣಂತಿಯಾದರೆ ನಮ್ಮ ಸೀಮೆಯ ಹೆಂಗಸರು ಬಿಸಿ ಮಾಡದೆ ಏನನ್ನೂ ಕೊಡುವುದಿಲ್ಲ ಎಂದು ನನಗೆ ಗೊತ್ತಿರಬೇಕಿತ್ತು. ಹದಿನೆಂಟು ವರ್ಷ ಆ ಒಲೆಗಳ ಮುಂದೆ ಕಾಫಿ ಕುಡಿದಿದ್ದೇನೆ. ಬರೆಯಲಿಲ್ಲ, ನನ್ನ ತಪ್ಪು.

ನೆನಪಿದೆ. ಎಲ್ಲ ನೆನಪಿದೆ. ಇನ್ನೊಂದು ಪತ್ರದಲ್ಲಿ ಬರೆಯುತ್ತೇನೆ.

ರಾ.


ಕೋಡಿಪಾಳ್ಯ
13 ಅಕ್ಟೋಬರ್ 2025

ರಾಮಲಿಂಗಯ್ಯನವರಿಗೆ ನಮಸ್ಕಾರ.

ನಿಮ್ಮ ಸ್ಪೀಡ್ ಪೋಸ್ಟ್ ಒಂಬತ್ತನೇ ತಾರೀಕು ಬಂತು. ಅವತ್ತೇ ಹೊಸ ಡಬ್ಬಿ ತಂದೆ. ಹುರುಳಿ ಆರಿದ ಮೇಲೆ ಕೊಟ್ಟಿಗೆಯಲ್ಲೇ, ಯಾರಿಗೂ ಕಾಣದ ಹಾಗೆ ಬೆರೆಸುತ್ತಿದ್ದೇನೆ. ಗೊಂಚಲು ಗೊಂಚಲು ನುಗ್ಗೆ ಸೊಪ್ಪು ಹಾಕುತ್ತಿದ್ದೇನೆ. ಇವತ್ತು ಸಂಜೆ ಮಲ್ಲಿ ಬಾನಿಯ ಹತ್ತಿರ ಬಂದು ಒಂದು ಗೇಣು ದೂರದಲ್ಲಿ ನಿಂತಳು. ಬಡಿದುಕೊಳ್ಳಲಿಲ್ಲ. ನನ್ನ ಭ್ರಮೆಯೋ ಏನೋ, ಆದರೆ ಬರೆಯದೆ ಇರಲಾಗಲಿಲ್ಲ. ನಾಲ್ಕು ದಿನ! ಉಗುರಿನ ಮೇಲೆ ನಿಲ್ಲುವಷ್ಟು ಪುಡಿ, ಅಷ್ಟು ದೊಡ್ಡ ಜೀವ!

ಯಾರಿಗೂ ಕಾಣದ ಹಾಗೆ ಎಂದೆನಲ್ಲ. ಹಿಂದಿನ ಪತ್ರದಲ್ಲಿ "ಬೇಯಿಸಿ ಕೊಡುತ್ತೇವೆ" ಎಂದು ಬರೆದಿದ್ದೆ. ಬೇಯಿಸುತ್ತಿದ್ದವಳು ನಾನಲ್ಲ, ಅತ್ತೆ. ಮಾರಿಬಿಡಿ ಎನ್ನುವವರೇ ಬೆಳಿಗ್ಗೆ ಎದ್ದು ಅಂಗಳದಲ್ಲಿ ಒಲೆ ಹಚ್ಚಿ, ಪುಡಿ ಹಾಕಿ, ಸೌಟು ತಿರುಗಿಸುತ್ತಾ ಕೂರುತ್ತಿದ್ದರು. ಈಗ ಡಬ್ಬಿ ಖಾಲಿಯಾಯಿತು ಎಂದು ಹೇಳಿದ್ದೇನೆ. ಆರು ವರ್ಷ ಇವರನ್ನು ಕಲ್ಲು ಎಂದುಕೊಂಡಿದ್ದೆ. ಒಮ್ಮೆ ಕೇಳಿದೆ, "ಕಳಿಸೋ ಹಸುಗೆ ಯಾಕತ್ತೆ ಇಷ್ಟೆಲ್ಲ?" ಎಂದು. "ಬಾಣಂತಿ ಕಣೇ ಅದು. ಹೋಗೋದಾದ್ರೂ ಹೊಟ್ಟೆ ತುಂಬ ತಿನ್ಕೊಂಡು ಹೋಗ್ಲಿ" ಎಂದರು.

ಈಗ ಹೇಗೆ ಹೇಳಲಿ? ಗಿಣ್ಣು ತಿಂದು ಒಂದು ಕರುವಿನ ಕಣ್ಣು ಕಳೆದೆ ಎಂದು ನಂಬಿ ಕೂತವರಿಗೆ, ನಿಮ್ಮ ಕೈಯಾರೆ ಮದ್ದನ್ನು ಕುದಿಸಿ ಕೆಡಿಸಿದಿರಿ ಎಂದರೆ ಆ ಜೀವ ತಡೆದೀತೇ? ಬಿಸಿತುಪ್ಪ ನನ್ನ ಬಾಯಲ್ಲಿದೆ, ನುಂಗಲಾರೆ, ಉಗುಳಲಾರೆ. ಮಲ್ಲಿಗೆ ಕಣ್ಣು ಬಂದರೂ, "ಈ ಕೊಟ್ಟಿಗೆಗೆ ನನ್ನ ಪಾಪ ಅಂಟೈತೆ, ಇವತ್ತಲ್ಲ ನಾಳೆ ಮತ್ತೆ ಆಗುತ್ತೆ" ಎಂದು ಅವರು ಕಳಿಸಿಯೇ ಬಿಡುತ್ತಾರೆ. ಅವರಿಗೆ ಯಾರಾದರೂ ಹೇಳಬೇಕು. ನಾನು ಹೇಳಿದರೆ ಸೊಸೆಯ ಮಾತು.

ಪ್ರಮೋದಾ


ಸ್ಪೀಡ್ ಪೋಸ್ಟ್
ಕಲಬುರಗಿ
16 ಅಕ್ಟೋಬರ್ 2025

ಪ್ರಮೋದಾ, ಈ ಪತ್ರವನ್ನು ನಿನ್ನ ಅತ್ತೆಯ ಮುಂದೆ ಕೂತು ಗಟ್ಟಿಯಾಗಿ ಓದು. ಒಂದು ಅಕ್ಷರವೂ ಬಿಡಬೇಡ.

ಮುನಿತಾಯಮ್ಮನವರಿಗೆ ರಾಮಲಿಂಗಯ್ಯನ ನಮಸ್ಕಾರ.

1998ರ ಬೇಸಿಗೆಯಲ್ಲಿ ನಿಮ್ಮ ಮನೆಗೆ ಬಂದೆ. ಮೊಪೆಡ್ ಬೇವಿನ ಮರಕ್ಕೆ ಒರಗಿಸಿದ್ದೆ. ನೀವು ಕಂಕುಳಲ್ಲಿ ಕೂಸು ಇಟ್ಟುಕೊಂಡು ನಿಂತಿದ್ದಿರಿ. ಕೆಂದು ಬಣ್ಣದ ಗಂಡು ಕರು ಗೋಡೆಗೆ ಮುಖ ಕೊಟ್ಟು ನಿಂತಿತ್ತು. ಬ್ಯಾಟರಿ ಬಿಟ್ಟು ನೋಡಿದೆ, ಪಾಪೆ ಕದಲಲಿಲ್ಲ. ಯಾಕೆ ಹೀಗಾಯಿತು ಎಂದು ಕೇಳಿದಿರಿ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಯೂನಿಫಾರ್ಮಿನ ಜಂಬ ಬಿಡಲಿಲ್ಲ. "ಇದು ದೈವದ್ದಮ್ಮ, ನಮ್ಮ ಕೈಲಿಲ್ಲ" ಎಂದು ಕೈ ತೊಳೆದುಕೊಂಡು ಹೊರಟೆ. ನೀವು ಗಿಣ್ಣು ತಿಂದದ್ದು ನನಗೆ ಗೊತ್ತಿರಲಿಲ್ಲ. ನನ್ನ ಮಾತು ನಿಮಗೆ ಎಲ್ಲಿ ಹೋಗಿ ನಾಟಿತು ಎಂದು ಆರು ತಿಂಗಳ ನಂತರ ಲಕ್ಕಮ್ಮನಿಂದ ತಿಳಿಯಿತು.

ಎರಡು ವರ್ಷ ಕಳೆದು ಹೆಬ್ಬಾಳದ ತರಬೇತಿಯಲ್ಲಿ ಕಾರಣ ಹೇಳಿಕೊಟ್ಟರು. ಬಸುರಿ ಹಸುವಿಗೆ ತಿಂಗಳುಗಟ್ಟಲೆ ಹಸಿರು ಸಿಗದಿದ್ದರೆ ಕರು ಕುರುಡಾಗಿ ಹುಟ್ಟಬಹುದು. ನೆನಪು ಮಾಡಿಕೊಳ್ಳಿ, ಅದರ ಹಿಂದಿನ ವರ್ಷ ನಿಮ್ಮೂರ ಗೋಮಾಳಕ್ಕೆ ಬೇಲಿ ಬಿದ್ದಿತ್ತು. ದನಗಳೆಲ್ಲ ಕಟ್ಟಿದಲ್ಲೇ ಒಣಹುಲ್ಲು ತಿಂದವು. ಅಷ್ಟೇ ಕಾರಣ. ನೀವು ತಿಂದ ಒಂದು ಹಿಡಿ ಗಿಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ಆ ಗಿಣ್ಣು ಹೋದದ್ದು ಕಾಂತರಾಜುವಿಗೆ. ಅವನ ಕಣ್ಣು ಚೆನ್ನಾಗಿದೆಯಲ್ಲ?

ತರಬೇತಿಯ ಮರದ ಕೆಳಗೆ ಊಟ ಬಿಟ್ಟು ಕೂತಿದ್ದೆ ಎಂದು ನಿಮ್ಮ ಸೊಸೆಗೆ ಬರೆದಿದ್ದೆ. ಬೆರಗಿನಿಂದ ಎಂಬಂತೆ ಬರೆದೆ. ಬೆರಗು ಅರ್ಧ, ನೀವು ಅರ್ಧ. ವಾಪಸು ಬಂದ ಮೇಲೆ ಹೇಳಬಹುದಿತ್ತು. ನಿಮ್ಮ ಮನೆಯ ಮುಂದೆ ಎಷ್ಟೋ ಸಲ ಹಾದುಹೋದೆ, ಮೊಪೆಡ್ ನಿಲ್ಲಿಸಲಿಲ್ಲ. ಅಂದು ತಪ್ಪು ಹೇಳಿದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು. ವರ್ಷ ಕಳೆದಂತೆ ನಾಚಿಕೆ ಬಲಿಯಿತು.

ಈ ಸಲ ಪುಡಿ ಕುದಿಸಿದ್ದೂ ನನ್ನ ತಪ್ಪೇ. ಹೇಗೆ ಕೊಡಬೇಕು ಎಂದು ನಾನು ಬರೆಯಲಿಲ್ಲ. ನೀವು ಬಾಣಂತಿಗೆ ಮಾಡುವ ಹಾಗೆ ಮಾಡಿದಿರಿ. ಎರಡು ಸಲವೂ ತಪ್ಪು ನನ್ನದು, ಎರಡು ಸಲವೂ ಹೊತ್ತವರು ನೀವು.

ಕ್ಷಮಿಸಿ ಎಂದು ಬರೆಯಲು ಕೈ ಬರುತ್ತಿಲ್ಲ. ಹಸುವನ್ನು ಮಾತ್ರ ಕಳಿಸಬೇಡಿ.

ರಾಮಲಿಂಗಯ್ಯ


ಕೋಡಿಪಾಳ್ಯ
23 ಅಕ್ಟೋಬರ್ 2025

ರಾಮಲಿಂಗಯ್ಯನವರಿಗೆ ನಮಸ್ಕಾರ.

ನಿಮ್ಮ ಪತ್ರ ಇಪ್ಪತ್ತೊಂದಕ್ಕೆ ಬಂತು. ಪಾಡ್ಯದ ಹಿಂದಿನ ದಿನ. ದಲ್ಲಾಳಿ ಮರುದಿನ ಮುಂಜಾನೆ ಬರುವುದೆಂದು ಮಾತಾಗಿತ್ತು.

ಸಂಜೆ ನಾಲ್ಕಕ್ಕೆ ಅಂಗಳದಲ್ಲಿ, ಒಲೆಯ ಪಕ್ಕದಲ್ಲಿ ಕೂತು ಓದಿದೆ. ಅತ್ತೆ ಹುರುಳಿ ಆರಿಸುತ್ತಿದ್ದರು. "ದೈವದ್ದಮ್ಮ" ಎನ್ನುವಲ್ಲಿಗೆ ಕೈ ನಿಂತಿತು. ಕಾಂತರಾಜುವಿನ ಕಣ್ಣು ಎನ್ನುವಲ್ಲಿ ನಾನೇ ನಿಲ್ಲಿಸಿದೆ. ಅತ್ತೆ, "ಓದೇ" ಎಂದರು. ಕೊನೆವರೆಗೂ ಓದಿದೆ. ಅತ್ತೆ ಮೊರ ಕೆಳಗಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡರು. ಬೇಸಿಗೆಯ ಕೆರೆಯ ಹಾಗಿದ್ದ ಆ ಹೆಂಗಸು ಅಷ್ಟು ನೀರು ಎಲ್ಲಿಟ್ಟುಕೊಂಡಿದ್ದರೋ. ಇಪ್ಪತ್ತೇಳು ವರ್ಷದ್ದು.

ಆಮೇಲೆ ಎದ್ದರು. ಹಿತ್ತಲಿಗೆ ಹೋಗಿ ನುಗ್ಗೆಯ ಒಂದು ಕೊಂಬೆ ಮುರಿದುಕೊಂಡು ಬಂದರು. ಹೊತ್ತು ಇಳಿದಿತ್ತು. ಕೊಟ್ಟಿಗೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತರು, ಆಮೇಲೆ ಬಲಗಾಲಿಟ್ಟು ಒಳಗೆ ಹೋದರು. ನಾನು ದೀಪ ಹಾಕಲು ಹೋದೆ. "ಹಾಕ್ಬೇಡ" ಎಂದರು.

ಮಸುಕು ಬೆಳಕಿನಲ್ಲಿ ಅತ್ತೆ ಗೋಡೆಗೆ ಒತ್ತಿಕೊಂಡು ನಿಂತಿದ್ದರು, ಮಾತಿಲ್ಲ, ಸದ್ದಿಲ್ಲ. ಮಲ್ಲಿ ಮೆಲುಕು ನಿಲ್ಲಿಸಿದಳು. ತಲೆ ಎತ್ತಿ ಅತ್ತೆಯನ್ನು ನೋಡಿದಳು. ನೋಡಿದಳು ಎಂದೇ ಬರೆಯುತ್ತಿದ್ದೇನೆ. ಅತ್ತೆ ಕೊಂಬೆಯನ್ನು ನಿಧಾನವಾಗಿ ಎಡಕ್ಕೆ ಸರಿಸಿದರು. ಆ ಎರಡು ಕಣ್ಣು ಎಡಕ್ಕೆ ಹೊರಳಿದವು. ಬಲಕ್ಕೆ ಸರಿಸಿದರು. ಬಲಕ್ಕೆ ಹೊರಳಿದವು. ಆಮೇಲೆ ಮಲ್ಲಿ ಬಾನಿಯನ್ನು ಬಳಸಿಕೊಂಡು, ಮಲಗಿದ್ದ ಕರುವನ್ನು ತುಳಿಯದೆ ದಾಟಿ, ಹಗ್ಗ ಎಟುಕುವಷ್ಟೂ ಮುಂದೆ ಬಂದು ಎಲೆಗೆ ನಾಲಿಗೆ ಹಾಕಿದಳು.

"ಕಾಣ್ತೈತೆ ಕಣೇ ಇದುಕ್ಕೆ. ಕಾಣ್ತೈತೆ" ಎಂದು ಅತ್ತೆ ಪಿಸುಗುಟ್ಟಿದರು. ಒಂದು ಎಲೆಯೊಳಗಿನ ಹಳದಿ ಹಸುವಿಗೆ ಕಣ್ಣಾಗುತ್ತದೆ, ಹಸುವಿನದು ಕರುವಿಗೆ. ದಿನಾ ಸಗಣಿ ಬಾಚುವ ಜಾಗದಲ್ಲಿ ಇದು ನಡೆಯುತ್ತಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಮರುದಿನ ದಲ್ಲಾಳಿ ಬಂದಾಗ ಅತ್ತೆ ಮಲ್ಲಿಯ ಹಣೆಗೆ ಅರಿಶಿನ ಹಚ್ಚುತ್ತಿದ್ದರು. ತಲೆ ಎತ್ತದೆ, "ಪೂಜೆಗೆ ಬಂದಿದ್ರೆ ಕೂತ್ಕೊ, ಹಸುಗೆ ಬಂದಿದ್ರೆ ಹೊರಡು" ಎಂದರು.

ನಿಮಗೆ ಏನು ಬರೆಯಲಿ ಎಂದು ಈಗ ಅವರನ್ನೇ ಕೇಳಿದೆ. ಕ್ಷಮಿಸಿದ್ದಾರೋ ಇಲ್ಲವೋ ನನಗೆ ತಿಳಿಯುತ್ತಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ:

"ಬರಿ. ಇಪ್ಪತ್ತೇಳು ವರ್ಷ ಗಿಣ್ಣು ಮುಟ್ಲಿಲ್ಲ ನಾನು. ಮಲ್ಲಿ ಮುಂದಿನ ಕರು ಹಾಕ್ದಾಗ ಆ ಇನ್‌ಸ್ಪೆಕ್ಟ್ರಿಗೆ ಬರೋಕ್ ಹೇಳು. ಮೊದ್ಲು ಕರುಗೆ. ಆಮೇಲೆ ಮುನೇಶ್ವರನಿಗೆ. ಅದಾದ್ಮೇಲೆ ನಂಗೆ, ಹೊಟ್ಟೆ ತುಂಬ. ಕೊನೇಲಿ ಅವನಿಗೆ. ಅಲ್ಲೀಗಂಟ ಕಾಯ್ತಾ ಕೂರ್ಲಿ ಅಂಗಳದಲ್ಲಿ. ಕಾಯೋದು ಎಂಗಿರ್ತೈತೆ ಅಂತ ಗೊತ್ತಾಗ್ಲಿ."

ಇತಿ,
ಪ್ರಮೋದಾ